ಬೀರುವಿನಲ್ಲಿದ್ದ ಲಕೋಟೆ

ಹೋದ ತಿಂಗಳವರೆಗೂ ನಮ್ಮ ಬೀರುವಿನ ಮೇಲಿನ ಅರೆಯಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಒಂದು ದೊಡ್ಡ ಲಕೋಟೆ ಇತ್ತು. ಎಕ್ಸ್‌ರೇ ಫಿಲ್ಮು ಹಾಕಿಕೊಡುತ್ತಾರಲ್ಲ, ಅಂಥದು. ಸೀರೆ ತೆಗೆಯುವಾಗಲೆಲ್ಲ ಬಳಬಳ ಸದ್ದು ಮಾಡುತ್ತಿತ್ತು. "ಇದನ್ನ ಮಂಚದ ಕೆಳಗಾದರೂ ಹಾಕಬಾರದೇನೇ?" ಎಂದು ನಮ್ಮವರು ಎಷ್ಟೋ ಸಲ ರೇಗಿದ್ದಾರೆ. ನಾನು ಹಾಕಲಿಲ್ಲ. ಅದು ನನ್ನ ತಂಗಿಯ ಹೊಟ್ಟೆಯ ಸ್ಕ್ಯಾನು. ಅದನ್ನು ನೋಡಿದಾಗಲೆಲ್ಲ ನನಗೆ ನಾನು ಹೇಳಿದ ಒಂದು ಸುಳ್ಳು ನೆನಪಾಗುತ್ತದೆ. ನೆನಪಾಗಲಿ ಎಂದೇ ಅಲ್ಲಿಟ್ಟಿದ್ದೆನೋ ಏನೋ.

ತಂಗಿ ನನಗಿಂತ 13 ವರ್ಷ ಚಿಕ್ಕವಳು. ಮನೆಯಲ್ಲಿ ಎಲ್ಲರೂ ಪುಟ್ಟಿ ಅಂತಲೇ ಕರೆಯುವುದು. ಅಮ್ಮ ತೀರಿಕೊಂಡಾಗ ಅವಳಿಗೆ ಒಂಬತ್ತು. ಅಲ್ಲಿಂದಾಚೆಗೆ ಅವಳ ಜಡೆ, ಅವಳ ಪರೀಕ್ಷೆ, ಅವಳ ಜ್ವರ ಎಲ್ಲ ನನ್ನದೇ. ಹೈಸ್ಕೂಲಿಗೆ ಬರುವ ಹೊತ್ತಿಗೇ ಮೈ ತುಂಬಿಕೊಂಡಳು. 26ನೇ ವಯಸ್ಸಿಗೆ 112 ಕಿಲೋ. ಎತ್ತರ ಐದಡಿ ಎರಡಂಗುಲ. ಪಂಕ್ತಿಯಲ್ಲಿ ಕೂತರೆ ಬಡಿಸುವವರು ಕೂಡ ಅವಳ ಎಲೆಯ ಮುಂದೆ ಒಂದು ಕ್ಷಣ ನಿಂತು ಯೋಚಿಸುತ್ತಿದ್ದರು, ಹಾಕಲೋ ಬೇಡವೋ ಅಂತ. ಮಾಡದ ಪಥ್ಯವಿಲ್ಲ. ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಮಧ್ಯಾಹ್ನ ಹುರುಳಿಕಟ್ಟು, ರಾತ್ರಿ ಬರೀ ರಾಗಿ ಅಂಬಲಿ. 'ಹದಿನೈದು ದಿನದಲ್ಲಿ ಐದು ಕಿಲೋ ಇಳಿಸಿ' ಅಂತ ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಒಂದು ಫೈಲು ಮಾಡಿದ್ದಳು. (ಸಂಪಾದಕರು ಕ್ಷಮಿಸಬೇಕು.) ಐದು ಕಿಲೋ ಇಳಿಯುತ್ತಿತ್ತು, ಏಳು ಕಿಲೋ ಏರುತ್ತಿತ್ತು.

ಸಕ್ಕರೆ ಕಾಯಿಲೆ ಶುರುವಾಯಿತು. ಅದಕ್ಕಿಂತ ನನ್ನನ್ನು ಹೆದರಿಸಿದ್ದು ರಾತ್ರಿಯ ನಿದ್ದೆ. ಗೊರಕೆ ಹೊಡೆಯುತ್ತ ಹೊಡೆಯುತ್ತ ಇದ್ದಕ್ಕಿದ್ದಂತೆ ಉಸಿರು ನಿಂತುಬಿಡುತ್ತಿತ್ತು. ನಾನು ಪಕ್ಕದಲ್ಲಿ ಮಲಗಿ ಎಣಿಸುತ್ತಿದ್ದೆ. ಹತ್ತು, ಹದಿನೈದು, ಇಪ್ಪತ್ತು... ಆಮೇಲೆ ಬೆಚ್ಚಿದವಳಂತೆ ಒಮ್ಮೆಲೇ ಉಸಿರೆಳೆಯುತ್ತಿದ್ದಳು. ಹೀಗಾಗಿ ಡಾಕ್ಟರು ತೂಕ ಇಳಿಸುವ ಆಪರೇಷನ್ನಿನ ಮಾತೆತ್ತಿದಾಗ ನಾನು ಬೇಡ ಅನ್ನಲಿಲ್ಲ. ಅಪ್ಪ ಬಿಟ್ಟುಹೋದ ಸೈಟಿನಲ್ಲಿ ಅವಳ ಪಾಲನ್ನು ಮಾರಿ 2018ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಮಾಡಿಸಿದೆವು.

ಇದೇನು ಚರ್ಬಿ ಕೊಯ್ದು ತೆಗೆಯುವ ಆಪರೇಷನ್ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಪುಟ್ಟಿಗೆ ಮಾಡಿದ್ದು ಬೈಪಾಸ್. ಹೃದಯದ್ದಲ್ಲ, ಜಠರದ್ದು. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಸರ್ಜನ್ ತಮ್ಮ ಜೊತೆಗಾರ ಇಟೊ ಅವರೊಂದಿಗೆ 1966ರಲ್ಲಿ ಇದನ್ನು ಮೊದಲು ಮಾಡಿದರಂತೆ. ಈಗ ಮಾಡುವ ವಿಧಾನ ಎಷ್ಟೋ ಬದಲಾಗಿದೆ. ಜಠರದ ಮೇಲ್ಭಾಗವನ್ನು ಲೋಹದ ಪಿನ್ನುಗಳಿಂದ ಹೊಲಿದು ಬೇರ್ಪಡಿಸಿ ಒಂದು ಪುಟ್ಟ ಚೀಲ ಮಾಡುತ್ತಾರೆ. ಅದರಲ್ಲಿ ಹಿಡಿಸುವುದು ಸುಮಾರು 30 ಮಿಲಿಲೀಟರು. ಮಗುವಿಗೆ ಔಷಧಿ ಹಾಕುವ ಒಳಲೆ ಇದೆಯಲ್ಲ, ಹೆಚ್ಚುಕಮ್ಮಿ ಅಷ್ಟು. ಸಣ್ಣ ಕರುಳನ್ನು ಒಂದು ಕಡೆ ಕತ್ತರಿಸಿ, ಕೆಳಗಿನ ತುದಿಯನ್ನು ಮೇಲಕ್ಕೆ ತಂದು ಆ ಚೀಲಕ್ಕೆ ಜೋಡಿಸುತ್ತಾರೆ. ಉಳಿದ ದೊಡ್ಡ ಜಠರವನ್ನು ತೆಗೆದು ಎಸೆಯುವುದಿಲ್ಲ, ಒಳಗೇ ಇರುತ್ತದೆ, ಊಟ ಮಾತ್ರ ಅದರೊಳಗೆ ಹೋಗುವುದಿಲ್ಲ. ಅದರ ರಸಗಳು ಇನ್ನೊಂದು ದಾರಿಯಿಂದ ಬಂದು ಕೆಳಗೆ ಕರುಳನ್ನು ಸೇರುತ್ತವೆ. ಎರಡು ಓಣಿ ಬಂದು ಒಂದು ಬೀದಿ ಸೇರಿದ ಹಾಗೆ.

ಆಪರೇಷನ್ನಿನ ಮರುದಿನ ಅವಳನ್ನು ಎಕ್ಸ್‌ರೇ ಕೋಣೆಗೆ ಕರೆದುಕೊಂಡು ಹೋಗಿ, ನಿಲ್ಲಿಸಿ, ಒಂದು ಕಹಿ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಹೊಲಿಗೆ ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡುವುದಕ್ಕೆ. ಎಲ್ಲ ಆಸ್ಪತ್ರೆಗಳಲ್ಲೂ ಎಲ್ಲರಿಗೂ ಇದನ್ನು ಮಾಡುವುದಿಲ್ಲ. ಅನುಮಾನ ಬಂದರೆ ನೇರ ಸಿ.ಟಿ. ಸ್ಕ್ಯಾನ್ ಮಾಡುವವರೂ ಇದ್ದಾರೆ. "ಬೇರಿಯಂ ಅಂತ ಕುಡಿಸ್ತಾರಲ್ಲ, ಅದೇನಾ?" ಅಂತ ನಾನು ಕೇಳಿದೆ. ನಮ್ಮ ಮಾವನವರಿಗೆ ಹಿಂದೆ ಕುಡಿಸಿದ್ದು ನೆನಪಿತ್ತು. "ಅಲ್ಲಮ್ಮ, ಬೇರಿಯಂ ಸೋರಿ ಹೊಟ್ಟೆಯೊಳಗೆ ಬಿದ್ದರೆ ಅದೇ ಒಂದು ತೊಂದರೆ. ಇದು ನೀರಿನಲ್ಲಿ ಕರಗೋದು, ಮೈ ಹೀರಿಕೊಂಡುಬಿಡುತ್ತೆ" ಅಂದರು. ಪರದೆಯ ಮೇಲೆ ಆ ನೀರು ಗಂಟಲಿಂದ ಇಳಿದು, ಪುಟ್ಟ ಚೀಲ ದಾಟಿ, ಕರುಳಿಗೆ ಜಾರಿದ್ದನ್ನು ತೋರಿಸಿದರು. ಸೋರಿಕೆ ಇರಲಿಲ್ಲ. ನರ್ಸು ಮಾತ್ರ ಗಂಟೆಗೊಮ್ಮೆ ಬಂದು ನಾಡಿ ನೋಡುತ್ತಿದ್ದಳು. ಸೋರಿಕೆಯಾದರೆ ಜ್ವರ, ನೋವಿಗಿಂತ ಮೊದಲೇ ನಾಡಿ ಓಡುವುದುಂಟಂತೆ.

ಮನೆಗೆ ಬರುವ ದಿನ ಸರ್ಜನ್ನರು ಒಂದು ಕಾರ್ಡು ಕೊಟ್ಟರು. ಯಾವ ಆಪರೇಷನ್, ಯಾವ ದಿನ, ಕರುಳು ಎಲ್ಲಿ ಜೋಡಿಸಿದೆ, ಫೋನ್ ನಂಬರು, ಎಲ್ಲ ಅದರಲ್ಲಿತ್ತು. "ಇದು ಸದಾ ಪರ್ಸಿನಲ್ಲಿರಲಿ. ಯಾವ ಊರಲ್ಲಿ ಹೊಟ್ಟೆನೋವು ಬಂದರೂ ಮೊದಲು ಇದನ್ನ ತೋರಿಸಿ" ಅಂದರು. ನಾನು ಆ ಕಾರ್ಡನ್ನು ಬಹಳ ಜೋಪಾನವಾಗಿ ತಂದು ಬೀರುವಿನಲ್ಲಿಟ್ಟೆ.

ಒಂದೂವರೆ ವರ್ಷದಲ್ಲಿ ಪುಟ್ಟಿ 66 ಕಿಲೋ ಆದಳು. ಸಕ್ಕರೆ ಮಾತ್ರೆ ನಿಂತಿತು. ರಾತ್ರಿ ಹಾಯಾಗಿ ಮಲಗಿದಳು, ನಾನೂ ಎಣಿಸದೆ ಮಲಗಿದೆ. ವಿಟಮಿನ್ ಮಾತ್ರೆ, ಕಬ್ಬಿಣ, ಕ್ಯಾಲ್ಸಿಯಂ ಜನ್ಮಪೂರ್ತಿ ನುಂಗಬೇಕು. ಹೋಳಿಗೆ, ಪಾಯಸ ತಿಂದರೆ ಹತ್ತು ನಿಮಿಷಕ್ಕೆ ಬೆವರಿ ಎದೆ ಡವಗುಟ್ಟಿ ಮಲಗಬೇಕು. ಅದೆಲ್ಲ ಅವಳಿಗೆ ದೊಡ್ಡದಾಗಿ ಕಾಣಲಿಲ್ಲ. ಅಂಗಡಿಯಲ್ಲಿ ಸಿದ್ಧ ಕುಪ್ಪಸ ಕೊಂಡು ತಂದ ದಿನ ಕನ್ನಡಿ ಮುಂದೆ ನಿಂತು ಅತ್ತಿದ್ದಳು.

2020ರ ಫೆಬ್ರವರಿಯಲ್ಲಿ ಮದುವೆಯಾಯಿತು. ಅರಸೀಕೆರೆಯ ಕಡೆ, ಕೊಬ್ಬರಿ ವ್ಯಾಪಾರದ ಮನೆ. ಹುಡುಗ ಒಳ್ಳೆಯವನು. ನೋಡಲು ಬಂದ ದಿನ ಬೀಗಿತ್ತಿಯವರು ಮೊದಲು ಕೇಳಿದ್ದು, "ಹುಡುಗಿಗೆ ಏನೂ ಕಾಯಿಲೆ ಕಸಾಲೆ ಇಲ್ಲ ತಾನೆ?" ಅಂತ. ಅದಕ್ಕೆ ನಾನು, ಕಾಫಿ ಲೋಟ ಕೊಡುತ್ತ, "ಏನಿಲ್ಲ ಅಮ್ಮಾ, ಒಂದು ಸಲ ಪಿತ್ತಕೋಶದಲ್ಲಿ ಕಲ್ಲಾಗಿತ್ತು, ಚಿಕ್ಕ ಆಪರೇಷನ್ ಆಗಿದೆ ಅಷ್ಟೆ" ಅಂದೆ. ಹೊಟ್ಟೆಯ ಮೇಲೆ ಐದು ಸಣ್ಣ ಗಾಯದ ಗುರುತುಗಳಿದ್ದವಲ್ಲ, ಅದಕ್ಕೊಂದು ಸಬೂಬು ಬೇಕಿತ್ತು. ಪುಟ್ಟಿ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಗಂಡನಿಗಾದರೂ ಹೇಳಿಬಿಡುತ್ತೇನೆ ಅಂತ ಆಮೇಲೆ ಎರಡು ಸಲ ಕೇಳಿದಳು. "ನಿನಗೇನು ತಲೆ ಕೆಟ್ಟಿದೆಯಾ? 'ದಪ್ಪಗಿದ್ದಳು, ಹೊಟ್ಟೆ ಕೊಯ್ಸಿಕೊಂಡು ಸಣ್ಣಗಾಗಿದಾಳೆ' ಅಂತ ಊರೆಲ್ಲ ಆಡಿಕೊಳ್ಳಲಿ ಅಂತಲಾ? ಸುಮ್ಮನಿರು" ಅಂತ ಬಾಯಿ ಮುಚ್ಚಿಸಿದವಳು ನಾನೇ.

ನೀವೇ ಹೇಳಿ, ಹೆಣ್ಣು ಕೊಡುವ ಮನೆಯವರು ಇಂಥ ಸುಳ್ಳು ಹೇಳುವುದು ಹೊಸದೇ? ವಯಸ್ಸಿನಲ್ಲಿ ಎರಡು ವರ್ಷ ಕದಿಯುತ್ತೇವೆ, ಕನ್ನಡಕ ಮುಚ್ಚಿಡುತ್ತೇವೆ. ನಾನೂ ಅದೇ ಸಾಲಿಗೆ ಇದನ್ನೂ ಸೇರಿಸಿದೆ.

2021ರ ದೀಪಾವಳಿಯ ಹೊತ್ತಿಗೆ ನೋವು ಶುರುವಾಯಿತು. ಉಂಡ ಅರ್ಧ ಗಂಟೆಗೆ ಹೊಟ್ಟೆಯ ಮೇಲ್ಭಾಗದಲ್ಲಿ, ಎಡಕ್ಕೆ, ಬೆನ್ನಿಗೆ ಹಿಡಿದಂತೆ. ಒಂದೆರಡು ಗಂಟೆ ಇರುತ್ತಿತ್ತು, ತಾನಾಗಿ ಹೋಗುತ್ತಿತ್ತು. ಹೋದ ಮೇಲೆ ಏನೂ ಆಗಿಯೇ ಇಲ್ಲವೇನೋ ಅನ್ನುವ ಹಾಗೆ ಓಡಾಡುತ್ತಿದ್ದಳು. ಗ್ಯಾಸು ಅಂದರು. ಓಮದ ನೀರು, ಇಂಗು ಹಾಕಿದ ಮಜ್ಜಿಗೆ, ಜೀರಿಗೆ ಕಷಾಯ ಆಯಿತು. ಊರಿನ ಡಾಕ್ಟರು ಆಸಿಡ್‌ಗೆ ಮಾತ್ರೆ ಕೊಟ್ಟರು. ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಿದಾಗ ಒಂದು ತಮಾಷೆ ನಡೆಯಿತು. ಆಗ ತಮಾಷೆ ಅಂತಲೇ ಪುಟ್ಟಿ ಫೋನಿನಲ್ಲಿ ಹೇಳಿದ್ದಳು. ಸ್ಕ್ಯಾನ್ ಮಾಡುತ್ತಿದ್ದವರು, "ಪಿತ್ತಕೋಶ ಆಪರೇಷನ್ ಆಗಿದೆ ಅಂತ ಬರೆದಿದ್ದೀರ, ಪಿತ್ತಕೋಶ ಇಲ್ಲೇ ಇದೆಯಲ್ಲಮ್ಮ!" ಅಂದರಂತೆ. ಅತ್ತೆ ಪಕ್ಕದಲ್ಲೇ ಇದ್ದರು. ಪುಟ್ಟಿ, "ಕಲ್ಲು ಮಾತ್ರ ತೆಗೆದರು, ಕೋಶ ಬಿಟ್ಟರು" ಅಂದಳಂತೆ. ಕಲ್ಲಿನ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಪಿತ್ತಕೋಶವನ್ನೇ ತೆಗೆದುಬಿಡುತ್ತಾರೆ ಎಂಬುದು ನಮಗೆ ಗೊತ್ತಿರಲಿಲ್ಲ. ನಾವು ಫೋನಿನಲ್ಲಿ ನಕ್ಕೆವು. ಈಗ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಸ್ಕ್ಯಾನ್ ಯಂತ್ರ ಸರಿಯಾಗಿಯೇ ಹೇಳಿತ್ತು.

2022ರ ಮಾರ್ಚ್‌ನಲ್ಲಿ ಒಂದು ರಾತ್ರಿ ನೋವು ಬಂದದ್ದು ಹೋಗಲಿಲ್ಲ. ಒಂದು ಗಂಟೆಗೆ ಕಾರಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದರು, ಗಂಡ ಮತ್ತು ಅತ್ತೆ. ದಾರಿಯುದ್ದಕ್ಕೂ ಓಕರಿಕೆ, ಹೊರಗೆ ಬರುವುದು ಏನೂ ಇಲ್ಲ. ಅಲ್ಲಿ ಸಿ.ಟಿ. ಸ್ಕ್ಯಾನ್ ಮಾಡಬೇಕೆಂದರು. ಮೊದಲು ಒಂದು ಲೀಟರು ಔಷಧಿ ನೀರು ಕೊಟ್ಟು, ಒಂದು ಗಂಟೆಯಲ್ಲಿ ಕುಡಿದು ಮುಗಿಸಿ ಅಂದರಂತೆ. ಒಳಲೆಯಷ್ಟು ಹೊಟ್ಟೆಯವಳು ಒಂದು ಲೀಟರು ಎಲ್ಲಿಂದ ಕುಡಿದಾಳು? ಎರಡು ಗುಟುಕಿಗೆ ಓಕರಿಸಿದಳು. ಕೊನೆಗೆ ರಕ್ತನಾಳಕ್ಕೆ ಕೊಡುವ ಔಷಧಿ ಮಾತ್ರ ಕೊಟ್ಟು ಸ್ಕ್ಯಾನ್ ಮಾಡಿದರು. ಅದು ಕೊಟ್ಟಾಗ ಬಾಯಲ್ಲಿ ಕಬ್ಬಿಣದ ರುಚಿ ಬಂತಂತೆ, ಮೈಯೆಲ್ಲ ಬಿಸಿನೀರು ಹರಿದಂತಾಯಿತಂತೆ. ಫಾರಂನಲ್ಲಿ 'ಹಿಂದಿನ ಆಪರೇಷನ್' ಅನ್ನುವ ಕಡೆ ಅವಳ ಗಂಡ, ಪಾಪ, ತನಗೆ ಗೊತ್ತಿದ್ದನ್ನು ಬರೆದ: ಪಿತ್ತಕೋಶ.

ಮೈಸೂರಿನಿಂದ ಹಾಸನ ಸುಮಾರು 120 ಕಿಲೋಮೀಟರು. ನಾನು ಮೊದಲ ಬಸ್ಸು ಹಿಡಿದು ಹೋಗಿ ಸೇರುವ ಹೊತ್ತಿಗೆ ಒಂಬತ್ತೂವರೆ. ಪುಟ್ಟಿ ಮಂಚದ ಮೇಲೆ ಮಂಡಿ ಮಡಚಿ ಮಗ್ಗುಲಾಗಿದ್ದಳು. ನೋವಿನ ಇಂಜೆಕ್ಷನ್ ಕೊಟ್ಟಿದ್ದರಿಂದ ಅರೆನಿದ್ದೆ. ರಾತ್ರಿ ಪಾಳಿಯ ಡಾಕ್ಟರು, ಸ್ಕ್ಯಾನಿನಲ್ಲಿ ಗಾಬರಿಯಾಗುವಂಥದ್ದೇನೂ ಇಲ್ಲ, ಸೋಂಕಿರಬಹುದು, ಸಂಜೆಗೆ ನೋಡಿ ಕಳಿಸುತ್ತೇವೆ ಅಂದಿದ್ದರಂತೆ. ನಾನು ವರದಿ ತೆಗೆದು ಓದಿದೆ. ಕರುಳಿನಲ್ಲಿ ಎದ್ದು ಕಾಣುವ ತಡೆ ಇಲ್ಲ. ಒಳಗಿನ ಕೆಲವು ಗ್ರಂಥಿಗಳು ಊದಿವೆ. ಕೊನೆಯ ಸಾಲು: ಜಠರದ ಬಳಿ ಲೋಹದ ಹೊಲಿಗೆಯ ಸಾಲು ಕಾಣುತ್ತಿದೆ, ಹಿಂದಿನ ಶಸ್ತ್ರಚಿಕಿತ್ಸೆಯ ವಿವರದೊಂದಿಗೆ ತಾಳೆ ನೋಡುವುದು.

ಅರ್ಧರಾತ್ರಿಯಲ್ಲಿ, ಎಲ್ಲೋ ಕೂತು, ಇವಳ ಮುಖವನ್ನೂ ಕಾಣದ ಡಾಕ್ಟರೊಬ್ಬರು ಆ ಪಿನ್ನುಗಳನ್ನು ಕಂಡು ಹಾಗೆ ಕೇಳಿದ್ದರು. ಉತ್ತರ ಗೊತ್ತಿದ್ದವರು ಇಬ್ಬರೇ. ಒಬ್ಬಳು ಮಂಚದ ಮೇಲೆ ಕಣ್ಣು ಬಿಟ್ಟು, "ಅಕ್ಕಾ, ಅತ್ತೆ ಮುಂದೆ ಹೇಳಬೇಡ ಕಣೇ" ಅಂದಳು.

ನಾಚಿಕೆಯಾದರೂ ಬರೆಯುತ್ತೇನೆ. ನಾನು ತಕ್ಷಣ ಡಾಕ್ಟರ ಹತ್ತಿರ ಓಡಲಿಲ್ಲ. ಕೆಳಗೆ ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದೆ. ಹೇಗೂ ಸಂಜೆ ಕಳಿಸುತ್ತಾರಲ್ಲ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಲ್ಲಿಯವರಿಗೇ ಗುಟ್ಟಾಗಿ ತೋರಿಸಿದರಾಯಿತು ಅಂತ ಲೆಕ್ಕ ಹಾಕಿದೆ. ಇಪ್ಪತ್ತು ನಿಮಿಷ ಕೂತಿದ್ದೆ. ಮೇಲೆ ಬಂದಾಗ ನರ್ಸು ನಾಡಿ ಹಿಡಿದು ಗಡಿಯಾರ ನೋಡುತ್ತಿದ್ದಳು. "ಎಷ್ಟಿದೆ?" ಅಂದೆ. "ನೂರ ಇಪ್ಪತ್ತೆಂಟು" ಅಂದಳು. ಬೆಂಗಳೂರಿನ ಆ ನರ್ಸು ಗಂಟೆಗೊಮ್ಮೆ ನಾಡಿ ನೋಡುತ್ತಿದ್ದದ್ದು ನನಗೆ ಆಗ ನೆನಪಾಯಿತು.

ಹಗಲು ಪಾಳಿಗೆ ಬಂದಿದ್ದ ಸ್ಕ್ಯಾನ್ ಡಾಕ್ಟರು ಒಬ್ಬ ಹೆಂಗಸು, ನನ್ನ ವಯಸ್ಸಿನವರೇ. ಕೋಣೆಯ ಬಾಗಿಲಲ್ಲೇ ಹೇಳಿಬಿಟ್ಟೆ. ಬೈಪಾಸ್, 2018, 46 ಕಿಲೋ ಇಳಿದಿದೆ. ಹಿಂದೆ ಬೀಗಿತ್ತಿಯವರು ನಿಂತಿದ್ದರು. ನಾನು ತಿರುಗಿ ನೋಡಲಿಲ್ಲ.

ಆಕೆ ನನ್ನನ್ನು ಬೈಯಲಿಲ್ಲ. "ಬನ್ನಿ" ಅಂದವರೇ ಕಂಪ್ಯೂಟರಿನಲ್ಲಿ ರಾತ್ರಿಯ ಚಿತ್ರಗಳನ್ನೇ ಮತ್ತೆ ತೆಗೆದರು. ಅದೇ ಚಿತ್ರಗಳು, ಹೊಸದಾಗಿ ಏನೂ ತೆಗೆಯಲಿಲ್ಲ. ಹೊಟ್ಟೆಯನ್ನು ಸೌತೆಕಾಯಿ ಹೆಚ್ಚಿದ ಹಾಗೆ ಬಿಲ್ಲೆ ಬಿಲ್ಲೆಯಾಗಿ ಮೇಲಿಂದ ಕೆಳಗೆ ಸರಿಸುತ್ತ ಹೋದರು. ಒಂದು ಕಡೆ ನಿಲ್ಲಿಸಿ, ಮತ್ತೆ ಮೇಲೆ ಹೋಗಿ, ಮತ್ತೆ ಕೆಳಗೆ ಬಂದರು. "ಇಲ್ಲಿ ನೋಡಿ" ಅಂದರು. ಬೂದು ಬಣ್ಣದ ನಡುವೆ ಬೆಳ್ಳನೆಯ ರಕ್ತನಾಳಗಳು ಸುತ್ತಿಕೊಂಡಿದ್ದವು, ಚಕ್ಕುಲಿ ಸುತ್ತಿದ ಹಾಗೆ. ನನ್ನ ಕಣ್ಣಿಗೂ ಕಂಡಿತು.

"ಇದನ್ನ ಸುಳಿ ಅಂತೀವಿ. ಕರುಳಿಗೆ ರಕ್ತ ಕೊಡೋ ಪೊರೆ ಇದೆಯಲ್ಲ, ಅದು ತಿರುಚಿಕೊಂಡಿದೆ. ಬೈಪಾಸ್ ಆದವರು ಅಂತ ಗೊತ್ತಿದ್ದರೆ ಮೊದಲು ಹುಡುಕೋದೇ ಇದನ್ನ. ಗೊತ್ತಿಲ್ಲದೆ ಇದ್ದರೆ ಕಣ್ಣು ಇಲ್ಲಿ ನಿಲ್ಲೋದು ಕಷ್ಟ" ಅಂದರು. ಊದಿದ ಗ್ರಂಥಿಗಳೂ, ಅಲ್ಲಿನ ಚರ್ಬಿ ಮಬ್ಬಾಗಿದ್ದದ್ದೂ, ಒಂದಷ್ಟು ಕರುಳು ಎಡಗಡೆ ಮೇಲೆ ಗುಂಪುಗೂಡಿದ್ದದ್ದೂ ಎಲ್ಲ ಅದೇ ಕಥೆಯನ್ನು ಹೇಳುತ್ತಿದ್ದವು.

ಯಾಕೆ ಹೀಗಾಗುತ್ತದೆ ಎಂದು ಆಮೇಲೆ ಕೇಳಿ ತಿಳಿದುಕೊಂಡೆ. ಕರುಳನ್ನು ಮೇಲಕ್ಕೆ ತಂದು ಜೋಡಿಸಿದಾಗ ಅದರ ಪೊರೆಗಳ ನಡುವೆ ಸಂದಿಗಳು ಉಳಿಯುತ್ತವೆ. ಅದರಲ್ಲಿ ಒಂದಕ್ಕೆ ಪೀಟರ್‌ಸನ್ ಸಂದಿ ಅಂತಲೇ ಹೆಸರು; ಜರ್ಮನಿಯ ವಾಲ್ಟರ್ ಪೀಟರ್‌ಸನ್ ಎಂಬ ಸರ್ಜನ್ 1900ರಲ್ಲೇ, ತೂಕದ ಆಪರೇಷನ್ನಿನ ಮಾತೇ ಇಲ್ಲದ ಕಾಲದಲ್ಲಿ, ಜಠರ-ಕರುಳು ಜೋಡಿಸಿದವರಲ್ಲಿ ಅದನ್ನು ಕಂಡು ಬರೆದಿದ್ದರು. ಸರ್ಜನ್ನರು ಸಂದಿಗಳಿಗೆ ಹೊಲಿಗೆ ಹಾಕಿದ್ದರೂ, ಮೈಯ ಚರ್ಬಿ ಕರಗಿದಂತೆ ಒಳಗಿನ ಪೊರೆಯ ಚರ್ಬಿಯೂ ಕರಗುತ್ತದೆ. ದಪ್ಪಗಿದ್ದಾಗ ಹೊಲಿಸಿದ ಕುಪ್ಪಸ ಸಣ್ಣಗಾದ ಮೇಲೆ ಕಂಕುಳಲ್ಲಿ ಬಾಯಿ ಬಿಡುವುದಿಲ್ಲವೇ, ಹಾಗೆ ಸಂದಿ ಬಾಯಿ ಬಿಡುತ್ತದೆ. ಕರುಳು ಅದರೊಳಗೆ ನುಸುಳುತ್ತದೆ. ಎಷ್ಟೋ ಸಲ ತಾನೇ ಹಿಂದಕ್ಕೆ ಜಾರಿ ಬರುತ್ತದೆ. ಅದಕ್ಕೇ ಪುಟ್ಟಿಗೆ ನೋವು ಬಂದು ಹೋಗಿ ಮಾಡುತ್ತಿದ್ದದ್ದು. ನೋವಿಲ್ಲದ ದಿನ ಸ್ಕ್ಯಾನ್ ಮಾಡಿದರೆ ಏನೂ ಕಾಣದೇ ಹೋಗಬಹುದು. ನೋವಿದ್ದಾಗ ಮಾಡಿದರೂ ಕೆಲವೊಮ್ಮೆ ಕಾಣುವುದಿಲ್ಲವಂತೆ. ಅಂಥ ಸಮಯದಲ್ಲಿ ಅನುಮಾನ ಬಲವಾಗಿದ್ದರೆ ಸರ್ಜನ್ನರು ವರದಿಯನ್ನು ಪಕ್ಕಕ್ಕಿಟ್ಟು ಕ್ಯಾಮೆರಾ ಹಾಕಿ ಹೊಟ್ಟೆಯೊಳಗೇ ನೋಡಿಬಿಡುತ್ತಾರೆ. ಹಿಂದಕ್ಕೆ ಜಾರದೆ ತಿರುಚಿಕೊಂಡರೆ ರಕ್ತ ನಿಲ್ಲುತ್ತದೆ. ಗಂಟೆಗಳ ಲೆಕ್ಕ. ಕರುಳು ಸತ್ತರೆ ಕತ್ತರಿಸಿ ತೆಗೆಯಬೇಕು. ಎಲ್ಲವೂ ಸತ್ತರೆ ತೆಗೆಯುವುದಕ್ಕೂ ಏನೂ ಉಳಿದಿರುವುದಿಲ್ಲ.

ಆಸ್ಪತ್ರೆಯ ಸರ್ಜನ್ನರು ಬೆಂಗಳೂರಿನ ಸರ್ಜನ್ನರಿಗೆ ಫೋನು ಮಾಡಿದರು. ನಂಬರಿಗೆ ಕಾರ್ಡು ಬೇಕಲ್ಲ? ನಮ್ಮವರು ಮೈಸೂರಿನಲ್ಲಿ ಬೀರು ಜಾಲಾಡಿ, ಕಾರ್ಡಿನ ಚಿತ್ರ ತೆಗೆದು ಮೊಬೈಲಿಗೆ ಕಳಿಸಿದರು. ಹನ್ನೆರಡು ಗಂಟೆಗೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ಸರ್ಜನ್ನರು ಮೊದಲೇ ಹೇಳಿದ್ದರು, ಒಳಗೆ ಹೋಗಿ ನೋಡುವವರೆಗೆ ಏನೂ ಮಾತು ಕೊಡಲಾರೆ ಅಂತ.

ಎರಡೂವರೆ ಗಂಟೆ. ಬೆಂಚಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಬೀಗಿತ್ತಿಯವರು. ಅಳಿಯ ಕಿಟಕಿಯ ಹತ್ತಿರ ನಿಂತೇ ಇದ್ದ. ಒಂದು ಸಲ ಹತ್ತಿರ ಬಂದು, "ನನಗಾದರೂ ಹೇಳಬಹುದಿತ್ತಲ್ಲ ಅಕ್ಕಾ" ಅಂದ, ಮತ್ತೆ ಹೋಗಿ ನಿಂತ. ಬೀಗಿತ್ತಿಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ನೋಡದೆಯೇ ಶುರು ಮಾಡಿದರು.

"ಎರಡು ವರ್ಷದಿಂದ ಬೀದೀಲಿ ತಲೆ ಎತ್ತದ ಹಾಗಾಗಿದೆ ನನಗೆ. ಸೊಸೆಗೆ ಹೊಟ್ಟೆಗೆ ಹಾಕಲ್ಲ, ಎರಡು ತುತ್ತಿಗೇ ಏಳಿಸ್ತಾಳೆ ಅಂತ. ನಮ್ಮ ಓರಗಿತ್ತಿ ಮುಖದ ಮೇಲೇ ಅಂದಳು. ನಾನು ಇನ್ನೊಂದು ತುತ್ತು ಉಣ್ಣೇ ಅಂತ ಗೋಗರೆದೆ. ಯುಗಾದಿ ದಿವಸ ಬಲವಂತ ಮಾಡಿ ಎರಡು ಒಬ್ಬಟ್ಟು ತಿನ್ನಿಸಿದೆ. ಬೆವರಿ ಬಿದ್ದುಬಿಟ್ಟಳು. ದೃಷ್ಟಿ ಅಂತ ನೀವಾಳಿಸಿದೆ ಕಣ್ರೀ. ನೀವು ಹೇಳಿದ್ದರೆ ನಾನು ತಿನ್ನಿಸ್ತಿದ್ನಾ?"

ಹೊಟ್ಟೆ ಕೊಯ್ಸಿಕೊಂಡದ್ದರ ಬಗ್ಗೆ ಆಕೆ ಒಂದು ಮಾತೂ ಆಡಲಿಲ್ಲ. ಜನ ಏನನ್ನುತ್ತಾರೆ ಅಂತ ನಾನು ಹೆದರಿದ್ದು ನಮ್ಮ ಬಗ್ಗೆ. ಜನ ಅಂದದ್ದು ಅವರನ್ನು. ಇದು ನನ್ನ ತಲೆಗೇ ಹೊಳೆದಿರಲಿಲ್ಲ.

ಸರ್ಜನ್ನರು ಹೊರಗೆ ಬಂದು ಮುಖದ ಬಟ್ಟೆ ಇಳಿಸಿದರು. ಒಂದೂವರೆ ಮೀಟರಿನಷ್ಟು ಕರುಳು ಸಂದಿಯಲ್ಲಿ ಸಿಕ್ಕಿಕೊಂಡಿತ್ತಂತೆ, ನೇರಳೆಹಣ್ಣಿನ ಬಣ್ಣ. ಬಿಡಿಸಿ, ಬಿಸಿ ಉಪ್ಪುನೀರಿನ ಬಟ್ಟೆ ಹಾಕಿ ಕಾದರಂತೆ. ಹತ್ತು ನಿಮಿಷಕ್ಕೆ ಬಣ್ಣ ತಿರುಗಿತು. ಕತ್ತರಿಸುವುದು ಬೇಕಾಗಲಿಲ್ಲ. ಸಂದಿಗಳನ್ನು ಕರಗದ ದಾರದಿಂದ ಹೊಲಿದಿದ್ದರು. "ಸಂಜೆಯಾಗಿದ್ದರೆ ಈ ಮಾತು ಹೇಳೋಕಾಗ್ತಿರಲಿಲ್ಲ" ಅಂದರು. ಕ್ಯಾಂಟೀನಿನ ಇಪ್ಪತ್ತು ನಿಮಿಷವನ್ನು ನಾನು ಯಾರಿಗೂ ಹೇಳಲಿಲ್ಲ. ಇಲ್ಲಿಯೇ ಮೊದಲು ಬರೆಯುತ್ತಿರುವುದು.

ಈಗ ನನ್ನ ಹತ್ತಿರ ಯಾರಾದರೂ ಈ ಆಪರೇಷನ್ ಮಾಡಿಸಲೇ ಬೇಡವೇ ಅಂತ ಕೇಳಿದರೆ, ಬೇಡ ಅನ್ನುವುದಿಲ್ಲ. ರಾತ್ರಿ ಉಸಿರು ಎಣಿಸಿದವಳು ನಾನು. ಆದರೆ ಗುಟ್ಟು ಮಾಡಬೇಡಿ ಅನ್ನುತ್ತೇನೆ, ಕಡೇಪಕ್ಷ ಡಾಕ್ಟರ ಹತ್ತಿರ. ಆಪರೇಷನ್ ಆದ ಮೊದಲ ದಿನಗಳಲ್ಲಿ ಅವರು ಹುಡುಕುವುದು ಸೋರಿಕೆ. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ನಿಜವಾಗಿಯೂ ಕಲ್ಲಾಗಬಹುದು, ಅದಕ್ಕೆ ಅಲ್ಟ್ರಾಸೌಂಡ್ ಸಾಕು. ಜೋಡಣೆಯ ಹತ್ತಿರ ಹುಣ್ಣಾದರೆ ಬಾಯಿಂದ ಕೊಳವೆ ಇಳಿಸಿ ನೋಡಬೇಕು. ತಲೆನೋವು ಮಂಡಿನೋವು ಅಂತ ಬ್ರೂಫೆನ್ನಿನಂಥ ನೋವಿನ ಮಾತ್ರೆ ನುಂಗುವವರಿಗೆ ಈ ಹುಣ್ಣು ಹೆಚ್ಚು. ಬಳಸಿ ಬಿಟ್ಟ ಹಳೆಯ ಜಠರವನ್ನು ಆ ಕೊಳವೆಯೂ ಸುಲಭವಾಗಿ ಮುಟ್ಟಲಾರದು, ಅದಕ್ಕೆ ಸ್ಕ್ಯಾನೇ ಕಣ್ಣು. ಸುಳಿ ಮಾತ್ರ ವರ್ಷಗಳಾದ ಮೇಲೂ ಬರಬಹುದು. ಸ್ಲೀವ್ ಅಂತ ಇನ್ನೊಂದು ಆಪರೇಷನ್ ಇದೆ, ಜಠರವನ್ನು ಉದ್ದುದ್ದ ಕತ್ತರಿಸಿ ಬಾಳೆಕಾಯಿಯಷ್ಟು ಉಳಿಸುವುದು. ಅದರಲ್ಲಿ ಕರುಳಿನ ಜೋಡಣೆ ಇಲ್ಲವಾದ್ದರಿಂದ ಈ ಸಂದಿಗಳ ಗೋಳಿಲ್ಲ, ಅದರ ಗೋಳು ಬೇರೆ. ಒಂದೊಂದು ಆಪರೇಷನ್ನಿಗೆ ನೋಡಬೇಕಾದ ಜಾಗವೇ ಬೇರೆ ಬೇರೆ. ಹೆಸರು ತಪ್ಪಾಗಿ ಹೇಳಿದರೆ ಡಾಕ್ಟರು ನೋಡುವ ಜಾಗವೂ ತಪ್ಪುತ್ತದೆ. ಇನ್ನೊಂದು: ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ಬಿ-1 ವಿಟಮಿನ್ ಬೇಗ ಬರಿದಾಗುತ್ತದೆ, ಗ್ಲೂಕೋಸ್ ಏರಿಸುವ ಮೊದಲು ಅದನ್ನು ಕೊಡಬೇಕು. ಇದನ್ನು ಹೇಳುವುದಕ್ಕಾದರೂ ಡಾಕ್ಟರಿಗೆ ಆಪರೇಷನ್ ಗೊತ್ತಿರಬೇಕಲ್ಲ.

ಪುಟ್ಟಿ ವಾರಕ್ಕೆ ಮನೆಗೆ ಹೋದಳು. ಬೀಗಿತ್ತಿಯವರು ನನ್ನ ಜೊತೆ ಮಾತು ಬಿಟ್ಟರು. ಫೋನು ಮಾಡಿದರೆ "ಕೊಡ್ತೀನಿ" ಅಂತ ಪುಟ್ಟಿಗೆ ಕೊಟ್ಟುಬಿಡುತ್ತಿದ್ದರು. ಹಬ್ಬಕ್ಕೆ ಹೋದರೆ ಎಲೆ ಹಾಕಿ ಬಡಿಸುತ್ತಿದ್ದರು, ಇನ್ನೊಂದು ಹಾಕಲೇ ಅಂತ ಕೇಳುತ್ತಿರಲಿಲ್ಲ. ಸೊಸೆಯ ಜೊತೆ ಮಾತ್ರ ಚೆನ್ನಾಗಿಯೇ ಇದ್ದಾರೆ. ಚಿಕ್ಕ ತಟ್ಟೆಯಲ್ಲಿ ಎರಡು ಗಂಟೆಗೊಮ್ಮೆ ಮೊಳಕೆಕಾಳೋ, ಮೊಸರೋ ಕೊಡುತ್ತಾರಂತೆ. ಬೀದಿಯವರಿಗೆಲ್ಲ ತಾವೇ ಹೇಳಿಬಿಟ್ಟಿದ್ದಾರೆ. "ನನ್ನ ಸೊಸೆಗೆ ಹೊಟ್ಟೆ ಒಳಲೆಯಷ್ಟೇ ಇರೋದು" ಅಂತ.

ಪುಟ್ಟಿ ಈಗ ಬಸುರಿ. ಆರು ತಿಂಗಳು. ಆಪರೇಷನ್ನಾದ ಮೇಲೆ ಒಂದು, ಒಂದೂವರೆ ವರ್ಷ ಬಸಿರಾಗಬಾರದು ಅನ್ನುತ್ತಾರೆ, ಅದು ಎಂದೋ ಕಳೆಯಿತು. ಆದರೆ ಗರ್ಭ ಬೆಳೆದಂತೆ ಕರುಳನ್ನು ಮೇಲಕ್ಕೆ ತಳ್ಳುವುದರಿಂದ ಆ ಸಂದಿಗಳ ಭಯ ಮತ್ತೆ ಇದೆ. ಹೆರಿಗೆ ಡಾಕ್ಟರು ಎಲ್ಲ ಕೇಳಿಕೊಂಡಿದ್ದಾರೆ. ಸಕ್ಕರೆ ಪರೀಕ್ಷೆಗೆ ಎಲ್ಲರಿಗೂ ಕುಡಿಸುವ ಗ್ಲೂಕೋಸ್ ನೀರು ಇವಳಿಗೆ ಕುಡಿಸಲಿಲ್ಲ, ಮನೆಯಲ್ಲೇ ಬೆರಳು ಚುಚ್ಚಿ ನೋಡಿಕೊಳ್ಳಲು ಹೇಳಿದರು. ಹೊಟ್ಟೆನೋವು ಬಂದರೆ ತಡಮಾಡದೆ ಬರಬೇಕು, ವಿಕಿರಣವಿಲ್ಲದ ಎಂ.ಆರ್.ಐ. ಇದೆ, ಅಗತ್ಯ ಬಿದ್ದರೆ ಬಸುರಿಗೂ ಸಿ.ಟಿ. ಮಾಡುತ್ತೇವೆ, ತಾಯಿ ಉಳಿದರಲ್ಲವೇ ಮಗು ಅಂದರಂತೆ. ಹಳೆಯ ಚಿತ್ರಗಳಿದ್ದರೆ ಹೋಲಿಸಿ ನೋಡಲು ಅನುಕೂಲ, ಹತ್ತಿರದಲ್ಲಿಟ್ಟುಕೊಳ್ಳಿ ಅಂತಲೂ ಹೇಳಿದರಂತೆ.

ಹೋದ ತಿಂಗಳು ಒಂದು ಬುಧವಾರ ಬಾಗಿಲು ತೆಗೆದರೆ ಬೀಗಿತ್ತಿಯವರು, ಒಬ್ಬರೇ, ಕೈಯಲ್ಲಿ ಕೊಬ್ಬರಿಯ ಚೀಲ. ಅರಸೀಕೆರೆಯಿಂದ ರೈಲಿನಲ್ಲಿ ಬಂದಿದ್ದರು. ಕಾಫಿ ಕೊಟ್ಟೆ, ಕುಡಿದರು. ಊಟಕ್ಕೆ ಏಳಿ ಅಂದೆ, ಮಧ್ಯಾಹ್ನದ ಗಾಡಿ ಇದೆ ಅಂದರು.

"ಆ ಲಕೋಟೆ ಕೊಡಿ. ಅದು ನಮ್ಮನೇಲಿರಬೇಕು" ಅಂದರು.

ಬೀರು ತೆಗೆದು ಕೊಟ್ಟೆ. ಆಕೆ ಕನ್ನಡಕ ಹಾಕಿಕೊಂಡು ಒಂದೊಂದೇ ಫಿಲ್ಮು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತಲೆಕೆಳಗಾಗಿ ಹಿಡಿದಿದ್ದರು, ನಾನು ಹೇಳಲಿಲ್ಲ. "ಸುಳಿ ಯಾವುದರಲ್ಲಿದೆ?" ಅಂತ ಕೇಳಿದರು. ನಾನು ಪಕ್ಕಕ್ಕೆ ಹೋಗಿ, ಫಿಲ್ಮು ತಿರುಗಿಸಿ, ಬೆರಳಿಟ್ಟು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ಎಲ್ಲವನ್ನೂ ಮತ್ತೆ ಲಕೋಟೆಗೆ ಹಾಕಿ, ಕಾರ್ಡನ್ನು ಮಾತ್ರ ತೆಗೆದು ತಮ್ಮ ಎಲೆ ಅಡಿಕೆ ಚೀಲದೊಳಗೆ ಇಟ್ಟುಕೊಂಡರು. ಆಟೋ ಸ್ಟ್ಯಾಂಡಿನವರೆಗೆ ನಾನೇ ಲಕೋಟೆ ಹಿಡಿದುಕೊಂಡು ಹೋದೆ.